ಅಡುಗೆಮನೆಯ ಕಲ್ಲುಕಟ್ಟೆ: ಉಜ್ಜುವ ಮೊದಲು ಕಲ್ಲು ಯಾವುದೆಂದು ನೋಡಿ

ಅಡುಗೆಯಿಂದ ಕೆಟ್ಟ ಕಟ್ಟೆಗಳಿಗಿಂತ ತೊಳೆದು ತೊಳೆದು ಕೆಟ್ಟ ಕಟ್ಟೆಗಳನ್ನೇ ನಾನು ಹೆಚ್ಚು ನೋಡಿದ್ದೇನೆ. ಮೈಸೂರು, ನಂಜನಗೂಡು, ಚಾಮರಾಜನಗರದ ಕಡೆ ಅಡುಗೆಮನೆಗಳಿಗೆ ಕಲ್ಲು ಕೂರಿಸುವುದು, ಹಳೆಯ ಕಟ್ಟೆಗಳಿಗೆ ಪಾಲಿಶ್ ಹಾಕುವುದು ನನ್ನ ಕಸುಬು. ಹೊಳಪು ಹೋಯಿತೆಂದು ಕರೆಸಿದ ಮನೆಯಲ್ಲಿ ಮೊದಲು ಸಿಂಕಿನ ಕೆಳಗಿನ ಕಪಾಟಿನ ಬಾಗಿಲು ತೆರೆದು ನೋಡುತ್ತೇನೆ. ಶೌಚಾಲಯ ತೊಳೆಯುವ ಆಸಿಡ್, ಸ್ಟೀಲ್ ನಾರು, ಮರಳಿನಂತೆ ಕೈಗೆ ತಾಕುವ ಪಾತ್ರೆ ಪುಡಿ ಅಲ್ಲಿದ್ದರೆ ಕಾರಣ ಬೇರೆಡೆ ಹುಡುಕಬೇಕಾಗಿಲ್ಲ. ಒಳ್ಳೆಯ ಕಲ್ಲಿಗೆ ಬೇಕಾಗುವ ಆರೈಕೆ ಬಹಳ ಕಡಿಮೆ. ಆದರೆ ಯಾವ ಕಲ್ಲಿಗೆ ಯಾವುದು ಆಗಿಬರುವುದಿಲ್ಲ ಎಂಬುದು ಮನೆಯವರಿಗೆ ಗೊತ್ತಿರಲೇಬೇಕು.

ನಿಮ್ಮ ಕಲ್ಲು ಯಾವುದು?

ನಮ್ಮ ಅಡುಗೆಮನೆಗಳ ಕಲ್ಲುಗಳನ್ನು ಎರಡು ಕುಲಗಳಾಗಿ ನೋಡಿದರೆ ಸಾಕು. ಮೊದಲನೆಯದು ಗ್ರಾನೈಟ್ ಎಂಬ ಹೆಸರಿನಲ್ಲಿ ಮಾರಾಟವಾಗುವ ಗಟ್ಟಿ ಕಲ್ಲುಗಳು. ಇಳಕಲ್ಲಿನ ಕೆಂಪು ಕಲ್ಲು, ಕನಕಪುರ–ರಾಮನಗರದ ಕಡೆಯ ನಸುಗೆಂಪು ಕಲ್ಲು, ನಮ್ಮ ಚಾಮರಾಜನಗರದ ಕಪ್ಪು ಕಲ್ಲು ಎಲ್ಲವೂ ಇದರಲ್ಲಿ ಬರುತ್ತವೆ. ಚಾಮರಾಜನಗರದ ಕಪ್ಪನ್ನು ವ್ಯಾಪಾರದಲ್ಲಿ ಗ್ರಾನೈಟ್ ಎಂದರೂ ಭೂವಿಜ್ಞಾನಿಗಳು ಅದನ್ನು ಡಾಲರೈಟ್ ಎನ್ನುತ್ತಾರೆ. ಕುದಿಯುವ ಶಿಲಾರಸ ಹಳೆಯ ಬಂಡೆಯ ಬಿರುಕುಗಳಿಗೆ ನುಗ್ಗಿ ಆರಿ ಆದದ್ದು ಅದು. ಹರಳುಗಳು ಒತ್ತಾಗಿರುವುದರಿಂದ ನೀರನ್ನು ಒಳಗೆ ಬಿಡುವುದೇ ಅಪರೂಪ. ಅಡುಗೆಮನೆಗೆ ಅದಕ್ಕಿಂತ ನೆಮ್ಮದಿಯ ಕಲ್ಲು ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಅದು ನನ್ನ ಊರಿನ ಕಲ್ಲೆಂಬ ಅಭಿಮಾನದಿಂದ ಹೇಳುತ್ತಿರುವ ಮಾತಲ್ಲ, ಕೂರಿಸಿ ಹತ್ತಾರು ವರ್ಷವಾದ ಮೇಲೂ ಕನ್ನಡಿಯಂತಿರುವ ಕಟ್ಟೆಗಳನ್ನು ಮುಟ್ಟಿ ನೋಡಿ ಹೇಳುತ್ತಿರುವುದು.

ಎರಡನೆಯ ಕುಲ ಸುಣ್ಣದ ಅಂಶದ ಕಲ್ಲುಗಳು: ಆಂಧ್ರದಿಂದ ಬರುವ ಕಡಪ ಕಲ್ಲು, ಕಲಬುರಗಿಯ ಶಹಾಬಾದ್ ಕಲ್ಲು, ರಾಜಸ್ಥಾನದ ಕೋಟಾ ಕಲ್ಲು ಮತ್ತು ಅಮೃತಶಿಲೆ. ಇವುಗಳ ಒಡಲಲ್ಲಿ ಬಹುಪಾಲು ಇರುವುದು ಕ್ಯಾಲ್ಸಿಯಂ ಕಾರ್ಬೊನೇಟ್. ಶಹಾಬಾದ್ ಬಳಿಯ ವಾಡಿಯ ಸಿಮೆಂಟ್ ಕಾರ್ಖಾನೆ ಅರೆಯುವುದೂ ಅಲ್ಲಿಯ ಸುಣ್ಣಕಲ್ಲನ್ನೇ. ಈ ಕಲ್ಲುಗಳು ಹುಳಿಯನ್ನು ತಡೆಯುವುದಿಲ್ಲ. ನಿಂಬೆ, ಹುಣಸೆ, ಟೊಮೇಟೊ, ಮೊಸರು, ವಿನೆಗರ್ ಯಾವುದು ಬಿದ್ದರೂ ಮೇಲ್ಮೈ ಸ್ವಲ್ಪ ಕರಗುತ್ತದೆ.

ಕಲ್ಲು ಯಾವ ಕುಲದ್ದೆಂದು ತಿಳಿಯದಿದ್ದರೆ ಒಂದು ಪರೀಕ್ಷೆ ಮಾಡಿ. ಸಿಲಿಂಡರ್ ಇಡುವ ಕಡೆ, ಗೋಡೆಯ ಮೂಲೆ, ಹೀಗೆ ಕಣ್ಣಿಗೆ ಬೀಳದ ಜಾಗದಲ್ಲಿ ಒಂದು ಹನಿ ನಿಂಬೆರಸ ಬಿಟ್ಟು ಐದು ನಿಮಿಷದ ನಂತರ ಒರೆಸಿ. ಬೆಳಕಿಗೆ ಓರೆಯಾಗಿ ನೋಡಿದಾಗ ಹನಿ ಬಿದ್ದಷ್ಟು ಜಾಗ ಮಾಸಿದ್ದರೆ ಅದು ಸುಣ್ಣದ ಕಲ್ಲು. ಏನೂ ಆಗದಿದ್ದರೆ ಗ್ರಾನೈಟ್ ಕುಲದ್ದು. ಕಡಪ ಕಲ್ಲೂ ಕಪ್ಪು, ಗ್ರಾನೈಟೂ ಕಪ್ಪು ಆದ್ದರಿಂದ ಹಳೆಯ ಮನೆಗಳಲ್ಲಿ ಗೊಂದಲ ಆಗುವುದುಂಟು. ಕಡಪದ ಕಪ್ಪು ಸ್ವಲ್ಪ ಬೂದಿ ಬೆರೆತದ್ದು, ಅದರಲ್ಲಿ ಹೊಳೆಯುವ ಹರಳುಗಳು ಕಾಣುವುದಿಲ್ಲ.

ಹೊಸದಾಗಿ ಕಪ್ಪು ಕಲ್ಲು ಕೊಳ್ಳುವವರಿಗೆ ಇನ್ನೊಂದು ಮಾತು. ಬಣ್ಣ ಕಡಿಮೆಯಿರುವ ಕಲ್ಲಿನ ಹಾಸಿನ ಮೇಲೆ ಕಪ್ಪು ಮಸಿ ಹಚ್ಚಿ ಮಾರುವುದುಂಟು. ಬಿಳಿ ಬಟ್ಟೆಗೆ ಅಸಿಟೋನ್ (ಉಗುರುಬಣ್ಣ ತೆಗೆಯಲು ಬಳಸುವ ದ್ರವ) ತಾಗಿಸಿ ಒಂದು ಮೂಲೆಯಲ್ಲಿ ಬಲವಾಗಿ ಒರೆಸಿ. ಬಟ್ಟೆ ಕಪ್ಪಾದರೆ ಆ ಹಾಸು ಬೇಡ. ಅಂಥ ಕಲ್ಲು ಸೋಪುನೀರಿಗೇ ಚುಕ್ಕೆಚುಕ್ಕೆಯಾಗಿ ಬಿಳಚಿಕೊಳ್ಳುತ್ತದೆ. ಆಮೇಲೆ ಮಾಡಬಹುದಾದದ್ದು ಹೆಚ್ಚೇನೂ ಉಳಿದಿರುವುದಿಲ್ಲ.

ದಿನನಿತ್ಯದ ಕೆಲಸ

ರಾತ್ರಿ ಅಡುಗೆಮನೆ ಮುಚ್ಚುವ ಮುನ್ನ ಮೊದಲು ಒಣಬಟ್ಟೆಯಿಂದ ಪುಡಿ, ಉಪ್ಪು, ಸಾಸಿವೆ ಕಾಳನ್ನೆಲ್ಲ ಗುಡಿಸಿ ತೆಗೆಯಿರಿ. ಒದ್ದೆ ಬಟ್ಟೆಯನ್ನು ನೇರವಾಗಿ ಎಳೆದರೆ ಅದರಡಿ ಸಿಕ್ಕ ಮರಳು ಕಲ್ಲನ್ನು ಗೀರುತ್ತದೆ. ಆಮೇಲೆ ಒಂದು ಬೋಗುಣಿ ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ದ್ರವದ ನಾಲ್ಕೈದು ಹನಿ ಬೆರೆಸಿ, ಮೆತ್ತನೆಯ ಬಟ್ಟೆ ಅದ್ದಿ ಹಿಂಡಿ ಒರೆಸಿ. ನಿಂಬೆಯ ಅಂಶವಿದೆ ಎಂದು ಬಾಟಲಿಯ ಮೇಲೆ ಬರೆದಿರುವ ದ್ರವವನ್ನು ಸುಣ್ಣದ ಕಲ್ಲಿಗೆ ಬಳಸಬೇಡಿ. ನಂತರ ಬರೀ ನೀರಿನ ಬಟ್ಟೆಯಿಂದ ಒಮ್ಮೆ ಒರೆಸಿ, ಕೊನೆಗೆ ಒಣಬಟ್ಟೆ ಆಡಿಸಿ.

ಕೊನೆಯ ಎರಡು ಹಂತಗಳನ್ನೇ ಹೆಚ್ಚಿನವರು ಬಿಡುತ್ತಾರೆ. ಸೋಪು ಉಳಿದರೆ ಪದರದ ಮೇಲೆ ಪದರ ಕೂತು ಕಲ್ಲು ಮಂಕಾಗುತ್ತದೆ. ಹೊಳಪು ಹೋಯಿತು ಎಂದು ಕರೆಸಿದ ಎಷ್ಟೋ ಮನೆಗಳಲ್ಲಿ ಬಿಸಿನೀರು, ಮೆತ್ತನೆಯ ಬ್ರಷ್ಷು, ಒಣಬಟ್ಟೆ ಮೂರರಿಂದಲೇ ಹೊಳಪು ಹಿಂದಿರುಗಿದೆ. ಅದಕ್ಕೆ ಪಾಲಿಶ್ ದುಡ್ಡು ಕೇಳುವುದು ಸರಿಯಲ್ಲ, ನಾನು ಕೇಳುವುದೂ ಇಲ್ಲ.

ಸ್ಟೀಲ್ ನಾರನ್ನು ಕಟ್ಟೆಗೆ ತಾಗಿಸಬೇಡಿ. ಅದರಿಂದ ಉದುರಿದ ಎಳೆಗಳು ಹರಳುಗಳ ಸಂದಿನಲ್ಲಿ ಕೂತು ತುಕ್ಕು ಹಿಡಿಯುತ್ತವೆ. ಅಂಟಿದ ಹಿಟ್ಟು, ಒಣಗಿದ ಗಂಜಿಗೆ ಒದ್ದೆ ಬಟ್ಟೆ ಹೊದಿಸಿ ಹತ್ತು ನಿಮಿಷ ಬಿಟ್ಟರೆ ತಾನಾಗಿ ನೆನೆದು ಬರುತ್ತದೆ. ಗಟ್ಟಿಯಾಗಿ ಹಿಡಿದಿದ್ದರೆ ತೆಂಗಿನ ನಾರು ಸಾಕು.

ಹುಣಸೆಹಣ್ಣು ಮತ್ತು ದೀಪಗಳು

ಸುಣ್ಣದ ಕಲ್ಲಿನ ಕಟ್ಟೆ ಇರುವವರು ಈ ಭಾಗವನ್ನು ನಿಧಾನವಾಗಿ ಓದಬೇಕೆಂದು ಕೇಳಿಕೊಳ್ಳುತ್ತೇನೆ. ಕುವೆಂಪುನಗರದ ಒಂದು ಹಳೆಯ ಮನೆಯಲ್ಲಿ ಕಡಪ ಕಲ್ಲಿನ ಕಟ್ಟೆ. ಸಿಂಕಿನ ಬಲಕ್ಕೆ ಅಂಗೈ ಅಗಲದ ಬಿಳಿಚಿದ ಮಚ್ಚೆ, ಅದರ ಪಕ್ಕದಲ್ಲಿ ಬಟ್ಟಲಿನ ಅಡಿಯಷ್ಟೇ ಅಳತೆಯ ಉಂಗುರ. “ಎಷ್ಟು ಉಜ್ಜಿದರೂ ಈ ಕಲೆ ಹೋಗುತ್ತಿಲ್ಲ ಕಣಪ್ಪ” ಎಂದು ಆ ಮನೆಯ ಅಜ್ಜಿ ಬೇಸರದಿಂದ ಹೇಳಿದರು. ಬೆರಳಾಡಿಸಿದರೆ ಮಚ್ಚೆಯ ಜಾಗ ಸುತ್ತಲಿನ ಕಲ್ಲಿಗಿಂತ ಸ್ವಲ್ಪ ಒರಟು. ಹಬ್ಬದ ಹಿಂದಿನ ದಿನ ಹಿತ್ತಾಳೆ ದೀಪ, ತಾಮ್ರದ ಚೊಂಬನ್ನೆಲ್ಲ ಅಲ್ಲಿಟ್ಟು ಹುಣಸೆಹಣ್ಣು, ಉಪ್ಪು ಹಾಕಿ ಬೆಳಗುವುದು ಅವರ ರೂಢಿ. ಲೋಹದ ಕಿಲುಬನ್ನು ಕರಗಿಸುವ ಹುಣಸೆಯ ಹುಳಿ ಕಲ್ಲಿನ ಪಾಲಿಶನ್ನೂ ಅಷ್ಟೇ ಸುಲಭವಾಗಿ ಕರಗಿಸಿತ್ತು.

ಇಂಥದ್ದು ಕಲೆಯಲ್ಲ, ಸವೆತ. ಕಲೆ ಎಂದರೆ ಹೊರಗಿನ ಬಣ್ಣ ಒಳಗೆ ಸೇರಿರುವುದು, ಅದನ್ನು ಹೊರಕ್ಕೆ ಎಳೆಯಬಹುದು. ಸವೆತದಲ್ಲಿ ಕಲ್ಲೇ ಹೋಗಿರುತ್ತದೆ, ಎಳೆಯಲು ಏನೂ ಇರುವುದಿಲ್ಲ. ಉಜ್ಜಿದಷ್ಟೂ ಮಚ್ಚೆ ಅಗಲವಾಗುತ್ತದೆ. ಅಮೃತಶಿಲೆಯ ಮೇಲಿನ ಸಣ್ಣ ಮಾಸಲಿಗೆ ಟಿನ್ ಆಕ್ಸೈಡ್ ಎಂಬ ಪಾಲಿಶ್ ಪುಡಿಯನ್ನು ನೀರಿನಲ್ಲಿ ಕಲಸಿ, ದಪ್ಪ ಬಟ್ಟೆಯಿಂದ ಸುತ್ತುತ್ತಾ ಒತ್ತಿ ಉಜ್ಜಿದರೆ ಹೊಳಪು ಬಹುಮಟ್ಟಿಗೆ ಕೂಡುತ್ತದೆ. ಬೆರಳಿಗೆ ಒರಟು ತಾಗುವಷ್ಟು ಆಳವಾಗಿದ್ದರೆ ಯಂತ್ರದ ಕೆಲಸವೇ ಬೇಕು.

ದೀಪಗಳನ್ನು ಸ್ಟೀಲ್ ಸಿಂಕಿನ ಒಳಗೆ ಅಥವಾ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಬಳಿ ಪ್ಲಾಸ್ಟಿಕ್ ಬೇಸಿನ್ನಿನಲ್ಲಿ ಬೆಳಗಿ. ಹುಣಸೆಹಣ್ಣು ನೆನೆಹಾಕಿದ ಬಟ್ಟಲು, ಮೊಸರಿನ ಪಾತ್ರೆ, ಉಪ್ಪಿನಕಾಯಿ ಜಾಡಿ ಇವುಗಳ ಅಡಿಯಲ್ಲಿ ತಟ್ಟೆಯಿರಲಿ. ನಿಂಬೆ ಹೆಚ್ಚುವುದು ಮಣೆಯ ಮೇಲೆಯೇ. ಚೆಲ್ಲಿದರೆ ಕೂಡಲೇ ಒತ್ತಿ ಹೀರಿಸಿ, ಬಟ್ಟೆಯನ್ನು ಎಳೆದು ಹರಡಬೇಡಿ, ಮೇಲೆ ಧಾರಾಳವಾಗಿ ನೀರು ಹಾಕಿ ಒರೆಸಿ.

ಅರಿಶಿನ ಮತ್ತು ಎಣ್ಣೆ

ತಿಳಿಬಣ್ಣದ ಗ್ರಾನೈಟ್ ಈಗ ಬಹಳ ಮನೆಗಳಿಗೆ ಬಂದಿದೆ. ನೋಡಲು ಚೆಂದ, ಬೆಳಕೂ ಹೆಚ್ಚು. ಆದರೆ ಅವುಗಳಲ್ಲಿ ಹಲವು ನೀರು ಹೀರುತ್ತವೆ, ಹೀರಿದ್ದೆಲ್ಲ ಎದ್ದು ಕಾಣುತ್ತದೆ.

ಅರಿಶಿನದ ಹಳದಿ ಕಂಡ ಕೂಡಲೇ ಸೋಪಿನ ಬಿಲ್ಲೆ ಹಿಡಿದು ಉಜ್ಜಿದರೆ ಹಳದಿ ಕೆಂಪಾಗುತ್ತದೆ. ನೋಡಿದವರಿಗೆ ಗಾಬರಿ. ಆರತಿಯ ನೀರಿಗೆ ಅರಿಶಿನದೊಡನೆ ಸುಣ್ಣ ಬೆರೆಸಿದಾಗ ಕೆಂಪೇರುತ್ತದಲ್ಲ, ಅದೇ ಕ್ರಿಯೆ ಇಲ್ಲೂ ನಡೆಯುತ್ತದೆ: ಅರಿಶಿನದ ಕರ್ಕ್ಯುಮಿನ್ ಕ್ಷಾರಕ್ಕೆ ಬಣ್ಣ ಬದಲಿಸುತ್ತದೆ. ನೀರಿನಿಂದ ಸೋಪು ತೆಗೆದರೆ ಮತ್ತೆ ಹಳದಿಗೆ ತಿರುಗುತ್ತದೆ, ಹೆದರಬೇಕಾಗಿಲ್ಲ. ಕರ್ಕ್ಯುಮಿನ್‌ಗೆ ಬಿಸಿಲು ಆಗುವುದಿಲ್ಲ. ಕಿಟಕಿಯ ಬಿಸಿಲು ಬೀಳುವ ಕಡೆಯ ಕಲೆ ಕೆಲವು ದಿನಗಳಲ್ಲಿ ತಾನಾಗಿ ಮಾಯವಾಗುವುದನ್ನು ನೋಡಿದ್ದೇನೆ. ಆದ್ದರಿಂದ ಮೊದಲು ಕಾಯಿರಿ.

ಬಿಸಿಲು ಬೀಳದ ಜಾಗವಾದರೆ ಔಷಧಿ ಅಂಗಡಿಯಿಂದ ಹೈಡ್ರೋಜನ್ ಪೆರಾಕ್ಸೈಡ್ ತನ್ನಿ. ಕೈಗೆ ಗವಸು ಹಾಕಿಕೊಂಡು, ಬಿಳಿ ಹತ್ತಿ ಬಟ್ಟೆಯ ಮಡಿಕೆಯನ್ನು ಅದರಲ್ಲಿ ನೆನೆಸಿ ಕಲೆಯ ಮೇಲಿಟ್ಟು, ಪ್ಲಾಸ್ಟಿಕ್ ಹಾಳೆ ಮುಚ್ಚಿ ಅಂಚಿಗೆ ಟೇಪ್ ಅಂಟಿಸಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ತೆಗೆದು ನೀರಿನಿಂದ ಒರೆಸಿ. ಪೂರ್ತಿ ಹೋಗದಿದ್ದರೆ ಮತ್ತೊಮ್ಮೆ ಮಾಡಿ. ಇದು ತಿಳಿಬಣ್ಣದ ಕಲ್ಲಿಗೆ ಮಾತ್ರ. ಗಾಢ ಬಣ್ಣದ ಕಲ್ಲಿನ ಬಣ್ಣವನ್ನೇ ಪೆರಾಕ್ಸೈಡ್ ತಿಳಿಗೊಳಿಸಬಹುದು, ಅಲ್ಲಿ ಅರಿಶಿನ ಕಾಣುವುದೂ ಇಲ್ಲ.

ಎಣ್ಣೆಯ ಕಲೆಗೆ ಬೇರೆ ದಾರಿ. ಒಲೆಯ ಅಕ್ಕಪಕ್ಕ, ಎಣ್ಣೆ ಡಬ್ಬಿ ಇಡುವ ಮೂಲೆಯಲ್ಲಿ ಕಲ್ಲು ಒದ್ದೆಯಾದಂತೆ ಕಪ್ಪಗೆ ಕಂಡು ಒಣಗದೇ ಉಳಿದರೆ ಅದು ಎಣ್ಣೆ. ಅದನ್ನು ಲೇಪ ಹಾಕಿ ಹೀರಿಸಬೇಕು. ಅಡುಗೆ ಸೋಡವನ್ನು ನೀರಿನಲ್ಲಿ ಬಜ್ಜಿ ಹಿಟ್ಟಿನ ಹದಕ್ಕೆ ಕಲಸಿ. ಕಲೆಯ ಅಂಚನ್ನು ದಾಟಿ ಒಂದಿಷ್ಟು ಹೊರಕ್ಕೂ ಬರುವಂತೆ ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಹಚ್ಚಿ. ಪ್ಲಾಸ್ಟಿಕ್ ಹಾಳೆ ಮುಚ್ಚಿ 24 ಗಂಟೆ ಬಿಡಿ. ಆಮೇಲೆ ಹಾಳೆ ತೆಗೆದು ಲೇಪ ತಾನಾಗಿ ಪೂರ್ತಿ ಒಣಗಲು ಬಿಡಬೇಕು, ಏಕೆಂದರೆ ಒಣಗುವಾಗಲೇ ಅದು ಒಳಗಿನ ಎಣ್ಣೆಯನ್ನು ಮೇಲಕ್ಕೆ ಎಳೆದುಕೊಳ್ಳುವುದು. ಅವಸರಪಟ್ಟು ಒದ್ದೆಯಿರುವಾಗಲೇ ಕೆರೆದರೆ ಶ್ರಮ ವ್ಯರ್ಥ. ಒಣಗಿದ ಪುಡಿಯನ್ನು ಮರದ ಅಥವಾ ಪ್ಲಾಸ್ಟಿಕ್ ಸಟ್ಟುಗದಿಂದ ಎಬ್ಬಿಸಿ, ಕಲ್ಲನ್ನು ತೊಳೆದು ಒಂದು ದಿನ ಆರಿಸಿ ನೋಡಿ. ಹಳೆಯ ಎಣ್ಣೆಗೆ ಎರಡು ಮೂರು ಸಲ ಬೇಕಾಗುತ್ತದೆ.

ಹಟಮಾರಿ ಕಲೆಗೆ ನೀರಿನ ಬದಲು ಅಸಿಟೋನ್‌ನಲ್ಲಿ ಕಲಸುತ್ತೇವೆ. ಅಸಿಟೋನ್ ಬೇಗ ಹೊತ್ತಿಕೊಳ್ಳುವ ದ್ರವ. ಸಿಲಿಂಡರಿನ ರೆಗ್ಯುಲೇಟರ್ ಬಂದ್ ಮಾಡಿ, ದೇವರ ದೀಪ ಆರಿಸಿ, ಕಿಟಕಿ ತೆರೆದ ಮೇಲೆಯೇ ಬಾಟಲಿಯ ಮುಚ್ಚಳ ತೆಗೆಯಬೇಕು. ಎರಡು ಹಾಸುಗಳ ಜೋಡಣೆಗೆ ತುಂಬಿದ ಎಪಾಕ್ಸಿ ಅಂಟಿಗೆ ಅದು ತಾಗದಂತೆ ನೋಡಿಕೊಳ್ಳಿ.

ತುಕ್ಕು, ಉಪ್ಪುನೀರು

ದೋಸೆ ಕಾವಲಿ, ಕಬ್ಬಿಣದ ಬಾಣಲೆ, ಈಳಿಗೆ ಮಣೆಯನ್ನು ತೊಳೆದು ಒದ್ದೆಯಾಗಿಯೇ ಕಟ್ಟೆಯ ಮೇಲೆ ಬೋರಲು ಹಾಕುವುದು ಎಲ್ಲ ಮನೆಗಳ ಅಭ್ಯಾಸ. ಬೆಳಗಾಗುವಷ್ಟರಲ್ಲಿ ಕಂದು ಗುರುತು. ಹೊಸದಾಗಿದ್ದರೆ ಸೋಡದ ಮುದ್ದೆಯಿಂದ ಉಜ್ಜಿದರೆ ಹೋಗುತ್ತದೆ. ಆಳಕ್ಕಿಳಿದ ತುಕ್ಕು ಎಲ್ಲ ಕಲೆಗಳಿಗಿಂತ ಕಷ್ಟದ್ದು. ತುಕ್ಕು ತೆಗೆಯುವ ಕೆಲವು ದ್ರವಗಳಲ್ಲಿ ಹೈಡ್ರೋಫ್ಲೋರಿಕ್ ಆಸಿಡ್ ಇರುತ್ತದೆ. ಗ್ರಾನೈಟನ್ನೂ ತಿನ್ನುವ ಆಸಿಡ್ ಅದು, ಮೈಗೆ ತಾಗಿದರೆ ಬಹಳ ಅಪಾಯ. ಮನೆಯೊಳಕ್ಕೆ ತರಲೇಬೇಡಿ. ಕಾವಲಿಯನ್ನು ಒರೆಸಿ ಗೋಡೆಗೆ ತೂಗುಹಾಕಿದರೆ ಈ ತೊಂದರೆ ಹುಟ್ಟುವುದೇ ಇಲ್ಲ.

ಕೊಳವೆಬಾವಿಯ ನೀರಿರುವ ಮನೆಗಳಲ್ಲಿ ನಲ್ಲಿಯ ಬುಡದಲ್ಲಿ ಬಿಳಿ ಹೊಪ್ಪಳೆ ಕಟ್ಟುತ್ತದೆ. ಜನ ಅದನ್ನು ಉಪ್ಪು ಎನ್ನುತ್ತಾರೆ, ಇರುವುದು ಹೆಚ್ಚಾಗಿ ಸುಣ್ಣ. ವಿನೆಗರ್ ಹಾಕಿದರೆ ಕರಗುತ್ತದೆ ನಿಜ. ಆದರೆ ಕಡಪ, ಶಹಾಬಾದ್, ಅಮೃತಶಿಲೆಯ ಒಡಲೂ ಅದೇ ಪದಾರ್ಥವಾದ್ದರಿಂದ ಹೊಪ್ಪಳೆಯ ಜೊತೆಗೆ ಕಟ್ಟೆಯೂ ಕರಗುತ್ತದೆ. ಗ್ರಾನೈಟಿನ ಮೇಲಾದರೆ ಜಾಗವನ್ನು ಒದ್ದೆ ಮಾಡಿ ಹೊಸ ಬ್ಲೇಡನ್ನು ಕಲ್ಲಿಗೆ ಬಹುತೇಕ ಮಲಗಿಸಿ ಹಿಡಿದು ಮೆಲ್ಲಗೆ ಕೆರೆಯಿರಿ, ಸಿಪ್ಪೆಯಂತೆ ಏಳುತ್ತದೆ. ಸುಣ್ಣದ ಕಲ್ಲಿಗೆ ಹಳೆಯ ಪ್ಲಾಸ್ಟಿಕ್ ಕಾರ್ಡು ಮತ್ತು ತಾಳ್ಮೆ ಮಾತ್ರ.

ಆಸಿಡ್ ದ್ರವ ಮತ್ತು ಬ್ಲೀಚಿಂಗ್ ಪುಡಿಯನ್ನು ಎಂದೂ ಒಟ್ಟಿಗೆ ಬಳಸಬೇಡಿ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಮುಚ್ಚಿದ ಅಡುಗೆಮನೆಯಲ್ಲಿ ಅದು ಪ್ರಾಣಕ್ಕೆ ಅಪಾಯ.

ಸಿಂಕಿನ ಸುತ್ತ

ಕಟ್ಟೆ ನಿಜವಾಗಿ ಹಾಳಾಗುವುದು ಸಿಂಕಿನ ಬಾಯಿಯಲ್ಲಿ. ಮೇಲ್ಭಾಗಕ್ಕೆ ಮಾತ್ರ ಪಾಲಿಶ್ ಇರುತ್ತದೆ. ಸಿಂಕಿಗಾಗಿ ಕೊಯ್ದ ಅಂಚು, ಕಲ್ಲಿನ ಕೆಳಮೈ ಎರಡೂ ಒರಟಾಗಿರುವುದರಿಂದ ನೀರನ್ನು ಕುಡಿಯುತ್ತವೆ. ಸಿಂಕಿನ ಸುತ್ತ ಎರಡು ಮೂರು ಬೆರಳಗಲ ಕಲ್ಲು ಸದಾ ಕಪ್ಪಗೆ ಕಂಡರೆ ಅದನ್ನು ಕಲೆಯೆಂದು ಉಜ್ಜಬೇಡಿ. ಕೆಳಗೆ ಟಾರ್ಚ್ ಬಿಟ್ಟು ನೋಡಿ, ಸಂದಿಗೆ ತುಂಬಿದ ಸಿಲಿಕೋನ್ ಅಂಟು ಎಲ್ಲೋ ಬಿಟ್ಟಿರುತ್ತದೆ ಅಥವಾ ನಲ್ಲಿಯ ಬುಡ ಒಸರುತ್ತಿರುತ್ತದೆ. ಒಸರನ್ನು ನಿಲ್ಲಿಸಿ, ಹಳೆಯ ಸಿಲಿಕೋನನ್ನು ಪೂರ್ತಿ ಕೊಯ್ದು ತೆಗೆದು, ಟೇಬಲ್ ಫ್ಯಾನ್ ಇಟ್ಟು ಒಣಗಿಸಬೇಕು. ಒಣಗಲು ವಾರವೂ ಬೇಕಾಗಬಹುದು. ಬಣ್ಣ ತಿಳಿಯಾದ ಮೇಲೆಯೇ ಹೊಸ ಸಿಲಿಕೋನ್. ಹಸಿಯ ಮೇಲೆ ಹಾಕಿದ್ದು ಹಿಡಿಯುವುದಿಲ್ಲ, ಒಳಗೆ ಬೂಷ್ಟು ಕಟ್ಟುತ್ತದೆ.

ಕಟ್ಟೆ ಗೋಡೆಗೆ ಸೇರುವ ಸಂದಿಗೆ ಬಿಳಿ ಸಿಮೆಂಟ್ ತುಂಬಿದ್ದರೆ ಅದು ಕಾಲಕ್ರಮೇಣ ಪುಡಿಯಾಗಿ ಇರುವೆ, ಜಿರಳೆಗಳಿಗೆ ದಾರಿಯಾಗುತ್ತದೆ. ಒಂದು ಸಲ ಅದನ್ನು ಕೆತ್ತಿಸಿ ಎಪಾಕ್ಸಿ ಅಥವಾ ಬೂಷ್ಟು ನಿರೋಧಕ ಸಿಲಿಕೋನ್ ಹಾಕಿಸಿ.

ಸೀಲರ್ ಬೇಕೇ?

ಸೀಲರ್ ಎಂದರೆ ಕಲ್ಲು ನೀರು, ಎಣ್ಣೆ ಹೀರದಂತೆ ಹಚ್ಚುವ ದ್ರವ. ಎಲ್ಲ ಕಲ್ಲಿಗೂ ಅದು ಬೇಕಿಲ್ಲ. ಒಣಗಿದ ಕಟ್ಟೆಯ ಮೇಲೆ ಒಂದು ಚಮಚ ನೀರು ಬಿಟ್ಟು ಹತ್ತು ನಿಮಿಷ ಬಿಡಿ. ಒರೆಸಿದಾಗ ಕೆಳಗೆ ಕಪ್ಪಾಗಿರದಿದ್ದರೆ ಸೀಲರ್ ಅಗತ್ಯವಿಲ್ಲ. ಚಾಮರಾಜನಗರದ ಕಪ್ಪಿಗೆ ಸಾಮಾನ್ಯವಾಗಿ ಬೇಕಾಗುವುದಿಲ್ಲ, ಬಲವಂತವಾಗಿ ಹಚ್ಚಿದರೆ ಒಳಗೆ ಇಳಿಯದೆ ಮೇಲೆಯೇ ಒಣಗಿ ಮಬ್ಬು ಹಿಡಿಯುತ್ತದೆ. ಕಪ್ಪಾಗಿದ್ದರೆ ಒಳಗಿಳಿಯುವ ಜಾತಿಯ ಸೀಲರ್ ಕೊಳ್ಳಿ, ಮೇಲೆ ಪದರ ಕಟ್ಟುವ ವಾರ್ನಿಷ್‌ನಂಥದ್ದು ಬೇಡ.

ಹಚ್ಚುವ ಹಿಂದಿನ ದಿನ ಕಟ್ಟೆ ತೊಳೆದು 24 ಗಂಟೆ ಒಣಗಲು ಬಿಡಿ. ಮೆತ್ತನೆಯ ಬಟ್ಟೆಯಿಂದ ತೆಳ್ಳಗೆ ಹಚ್ಚಿ, ಡಬ್ಬಿಯ ಮೇಲೆ ಹೇಳಿರುವಷ್ಟು ಹೊತ್ತು ಕಾದು, ಮೇಲುಳಿದ ಸೀಲರನ್ನು ಒಂದು ಹನಿಯೂ ಬಿಡದೆ ಒಣಬಟ್ಟೆಯಿಂದ ಒರೆಸಿ ತೆಗೆಯಿರಿ. ಒಂದು ದಿನ ನೀರು ತಾಗಿಸಬೇಡಿ. ಯುಗಾದಿಗೆ ಮನೆ ಸುಣ್ಣಬಣ್ಣ ಮಾಡುವಾಗ ವರ್ಷಕ್ಕೊಮ್ಮೆ ನೀರಿನ ಪರೀಕ್ಷೆ ಮಾಡಿ, ಹೀರಿದರೆ ಮಾತ್ರ ಮತ್ತೆ ಹಚ್ಚಿ. ಒಂದು ಮಾತು ನೆನಪಿರಲಿ, ಸೀಲರ್ ಕಲೆಯನ್ನು ತಡವಾಗಿಸುತ್ತದೆ ಅಷ್ಟೆ. ನಿಂಬೆರಸ ಅಮೃತಶಿಲೆಯನ್ನು ತಿನ್ನುವುದನ್ನು ಅದು ತಡೆಯುವುದಿಲ್ಲ.

ಕಡಪ ಕಲ್ಲಿಗೆ ಕೊಬ್ಬರಿ ಎಣ್ಣೆ ಸವರಿ ಕಪ್ಪು ಮಾಡುವವರಿದ್ದಾರೆ. ಮೊದಲ ದಿನ ಚೆನ್ನಾಗಿ ಕಾಣುತ್ತದೆ, ಆಮೇಲೆ ಅಂಟುಜಿಡ್ಡಾಗಿ ಧೂಳು ಕೂರುತ್ತದೆ, ಎಣ್ಣೆ ಕನರಿ ವಾಸನೆ ಹಿಡಿಯುತ್ತದೆ. ಅನ್ನ ಬಡಿಸುವ ಜಾಗಕ್ಕೆ ಅದು ಬೇಡ.

ಭಾರ, ಬಿಸಿ, ಬಿರುಕು

ನಾವು ಕೂರಿಸುವ ಹಾಸಿನ ದಪ್ಪ ಸಾಮಾನ್ಯವಾಗಿ 18ರಿಂದ 20 ಮಿಲಿಮೀಟರ್. ಸಿಂಕಿನ ಮುಂದೆ, ಒಲೆ ಕೂರಿಸಲು ಕೊಯ್ದ ಜಾಗದ ಮುಂದೆ ಉಳಿಯುವುದು ನಾಲ್ಕು ಬೆರಳಗಲದ ಪಟ್ಟಿ ಮಾತ್ರ. ಅಟ್ಟದ ಮೇಲಿನ ಪಾತ್ರೆ ಇಳಿಸಲು ಕಟ್ಟೆ ಹತ್ತಿದವರ ಕಾಲು ಆ ಪಟ್ಟಿಯ ಮೇಲೆ ಬಿದ್ದು ಕಲ್ಲು ಸೀಳಿದ ಮನೆಗಳನ್ನು ಕಂಡಿದ್ದೇನೆ. ದಯವಿಟ್ಟು ಏಣಿ ಬಳಸಿ. ತೆಂಗಿನಕಾಯಿಯನ್ನು ಕಟ್ಟೆಯ ಅಂಚಿಗೆ ಹೊಡೆದು ಒಡೆಯಬೇಡಿ, ಶುಂಠಿ–ಬೆಳ್ಳುಳ್ಳಿ ಜಜ್ಜುವ ಕುಟ್ಟಾಣಿಯ ಅಡಿಗೆ ಮಡಿಸಿದ ಗೋಣಿಯ ತುಂಡು ಹಾಕಿ.

ಗ್ರಾನೈಟ್ ಬಿಸಿಗೆ ಹೆದರುವ ಕಲ್ಲಲ್ಲ. ಆದರೂ ಕಾದ ಕುಕ್ಕರನ್ನು ಜೋಡಣೆಯ ಮೇಲಿಟ್ಟರೆ ಎಪಾಕ್ಸಿ ಹಳದಿಯಾಗುತ್ತದೆ. ಬಿಸಿ ಇಟ್ಟ ಜಾಗಕ್ಕೆ ತಣ್ಣೀರು ಸುರಿದರೆ ಮೊದಲೇ ಇರುವ ಕೂದಲೆಳೆ ಬಿರುಕು ಬಾಯಿಬಿಡುತ್ತದೆ. ಒಂದು ಸಿಂಬೆ ಇಟ್ಟುಕೊಂಡರೆ ಆಯಿತು.

ಗೆರೆಯೊಂದು ಕಂಡರೆ ಮೊದಲು ಉಗುರು ಆಡಿಸಿ. ಉಗುರು ಸಿಕ್ಕಿಕೊಳ್ಳದಿದ್ದರೆ ಅದು ಕಲ್ಲಿನ ಹುಟ್ಟುಗೆರೆ ಇರಬಹುದು, ಬಿಟ್ಟುಬಿಡಿ. ಸಿಕ್ಕಿಕೊಂಡರೆ ನೀರು ಒಳಗಿಳಿಯುವ ಮೊದಲೇ ಕಲ್ಲಿನ ಬಣ್ಣ ಬೆರೆಸಿದ ಎಪಾಕ್ಸಿ ತುಂಬಿಸಬೇಕು. ಅದು ಕೆಲಸಗಾರರ ಕೈಯಲ್ಲೇ ಆಗಬೇಕು.

ಪಾಲಿಶ್ ಮಾಡಿಸುವ ಹಂತ ಬಂದರೆ ಬಂದವರನ್ನು ಎರಡು ಪ್ರಶ್ನೆ ಕೇಳಿ. ನೀರು ಹಾಕಿ ಡೈಮಂಡ್ ಪ್ಯಾಡ್ (ವಜ್ರದ ಪುಡಿ ಕೂರಿಸಿದ ಉಜ್ಜುಬಿಲ್ಲೆ) ಹೊಡೆಯುತ್ತೀರೋ, ಬರೀ ಮೇಣ ಹಚ್ಚುತ್ತೀರೋ? ಪ್ಯಾಡ್ ಎಷ್ಟನೇ ನಂಬರಿನವರೆಗೆ? ನಂಬರ್ ಏರಿದಷ್ಟೂ ಪ್ಯಾಡ್ ನಯವಾಗಿರುತ್ತದೆ. ಸವೆತಕ್ಕೆ ತಕ್ಕಂತೆ 200 ಅಥವಾ 400ರಿಂದ ಶುರುಮಾಡಿ, 800, 1500 ದಾಟಿ 3000ದವರೆಗೆ ಒಂದನ್ನೂ ಬಿಡದೆ ಏರಿದರೆ ಮಾತ್ರ ಹೊಳಪು ನಿಲ್ಲುತ್ತದೆ. ನಡುವೆ ನಂಬರ್ ಹಾರಿಸಿದರೆ ಹಿಂದಿನ ಪ್ಯಾಡಿನ ಗೀರುಗಳು ಬೆಳಕಿಗೆ ಸುತ್ತುಸುತ್ತಾಗಿ ಕಾಣುತ್ತವೆ. ಮೇಣ ಹಚ್ಚಿದ್ದು ಒಲೆಯ ಬಿಸಿಗೆ ಕೆಲವೇ ದಿನಗಳಲ್ಲಿ ಇಳಿದುಹೋಗುತ್ತದೆ. ಕೆಲಸ ಮುಗಿದ ಮೇಲೆ ದೀಪ ಹಾಕಿಸಿ, ಕಟ್ಟೆಯ ಮಟ್ಟಕ್ಕೆ ಬಗ್ಗಿ ಓರೆಯಾಗಿ ನೋಡಿ, ಆಮೇಲೆ ದುಡ್ಡು ಕೊಡಿ.